ಕೇಳಿದ ಹಣದ ಲೆಕ್ಕ ಗೋಡೆಯ ಮೇಲಿರಲಿ

ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಲೆಕ್ಕ ಬರೆದು ನಿವೃತ್ತನಾದವನು ನಾನು. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ ಎರಡು ತಿಂಗಳು ಇದ್ದೆ. ಒಂದು ಸಂಜೆ ಅವಳು ಆ ಭಾಗದ ಸಂಸತ್ ಸದಸ್ಯರ ಜಾಲತಾಣ ತೆರೆದು, “ಅಪ್ಪಾ, ಇದನ್ನು ನೀವು ನೋಡಲೇಬೇಕು” ಅಂದಳು. ಅಲ್ಲಿ ಹದಿನೈದು ಬೇಡಿಕೆಗಳ ಪಟ್ಟಿ ಇತ್ತು. ಹಳೆಯ ನೀರಿನ ಕೊಳವೆ ಬದಲಿಸಲು, ಅಗ್ನಿಶಾಮಕ ಠಾಣೆ ಕಟ್ಟಲು, ಚರಂಡಿ ನೀರು ಶುದ್ಧೀಕರಿಸಲು ಒಕ್ಕೂಟ ಸರ್ಕಾರದ ಬಜೆಟ್ಟಿನಿಂದ ಹಣ ಕೊಡಿ ಎಂದು ಆ ಸದಸ್ಯರು ಕೇಳಿದ್ದರು. ಪ್ರತಿ ಬೇಡಿಕೆಯ ಜೊತೆ ಹಣ ಪಡೆಯುವ ಸಂಸ್ಥೆಯ ಹೆಸರು, ವಿಳಾಸ, ಮೊತ್ತ, ತೆರಿಗೆ ಕಟ್ಟುವವರ ದುಡ್ಡನ್ನು ಇದಕ್ಕೇ ಏಕೆ ಬಳಸಬೇಕು ಎಂಬ ವಿವರಣೆ. ಅದರ ಸಂಗಡ ಒಂದು ಸಹಿ ಮಾಡಿದ ಪತ್ರ: ಈ ಕೆಲಸದಿಂದ ನನಗಾಗಲಿ ನನ್ನ ಕುಟುಂಬದವರಿಗಾಗಲಿ ಹಣಕಾಸಿನ ಲಾಭವಿಲ್ಲ.

ಆ ಪತ್ರ ಓದಿದಾಗ ನನಗೆ ನನ್ನ ಊರು ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಅಲ್ಲಿಯ ಜನಪ್ರತಿನಿಧಿಗಳೇನು ಹುಟ್ಟಾ ಪ್ರಾಮಾಣಿಕರಲ್ಲ. ತಮ್ಮ ಕ್ಷೇತ್ರದ ಕೆಲಸಕ್ಕೆಂದು ಬಜೆಟ್ಟಿನಲ್ಲಿ ಹಣ ಗುರುತು ಮಾಡಿಸಿಕೊಳ್ಳುವುದಕ್ಕೆ ಅವರು ‘ಇಯರ್‌ಮಾರ್ಕ್’ ಅನ್ನುತ್ತಾರೆ. ದನಕುರಿಗಳ ಒಡೆಯ ಯಾರೆಂದು ತಿಳಿಯಲು ಕಿವಿಗೆ ಗುರುತು ಹಾಕುತ್ತಿದ್ದರಲ್ಲ, ಅದರಿಂದ ಬಂದ ಮಾತು. 2005ರಲ್ಲಿ ಅಲಾಸ್ಕದ ಕೆಚಿಕನ್ ಪಟ್ಟಣದಿಂದ ಗ್ರವೀನಾ ದ್ವೀಪಕ್ಕೆ ಸೇತುವೆ ಕಟ್ಟಲು 22 ಕೋಟಿ ಡಾಲರಿಗೂ ಹೆಚ್ಚು ಹಣ ಗುರುತಾಯಿತು. ದ್ವೀಪದಲ್ಲಿ ವಿಮಾನ ನಿಲ್ದಾಣವಿತ್ತು, ವಾಸವಿದ್ದವರು ಐವತ್ತರ ಆಸುಪಾಸು ಜನ. ‘ಎಲ್ಲಿಗೂ ಹೋಗದ ಸೇತುವೆ’ ಎಂದು ದೇಶವೇ ನಕ್ಕಿತು. ಕೊನೆಗೆ ಅದನ್ನು ಕಟ್ಟಲಿಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾದ ರ‍್ಯಾಂಡಿ ಕನ್ನಿಂಗ್‌ಹ್ಯಾಮ್ ಎಂಬ ಸಂಸದ, ರಕ್ಷಣಾ ಗುತ್ತಿಗೆದಾರರಿಂದ 24 ಲಕ್ಷ ಡಾಲರ್ ಲಂಚ ತಿಂದದ್ದನ್ನು ಒಪ್ಪಿಕೊಂಡು ರಾಜೀನಾಮೆ ಕೊಟ್ಟ. 2006ರಲ್ಲಿ ಎಂಟು ವರ್ಷ ನಾಲ್ಕು ತಿಂಗಳ ಜೈಲು ಶಿಕ್ಷೆಯಾಯಿತು. ಇಂಥ ಹಗರಣಗಳಿಂದ ಬೇಸತ್ತು 2011ರಿಂದ ಆ ಪದ್ಧತಿಯನ್ನೇ ನಿಲ್ಲಿಸಿದರು.

ಸುಮಾರು ಹತ್ತು ವರ್ಷದ ಬಳಿಕ, 2021ರಲ್ಲಿ, ಅದನ್ನು ‘ಸಮುದಾಯ ಯೋಜನಾ ನಿಧಿ’ ಎಂಬ ಅರ್ಥದ ಹೊಸ ಹೆಸರಿನಿಂದ ಮತ್ತೆ ತಂದರು. ಈ ಸಲ ಕಟ್ಟುಪಾಡುಗಳಿದ್ದವು. ಕೆಳಮನೆಯ ಸದಸ್ಯರು ಮೊದಲ ವರ್ಷ ಹತ್ತು, ಆಮೇಲೆ ಹದಿನೈದು ಬೇಡಿಕೆ ಮಾತ್ರ ಸಲ್ಲಿಸಬಹುದಿತ್ತು. ಲಾಭಕ್ಕಾಗಿ ನಡೆಯುವ ಕಂಪನಿಗಳಿಗೆ ಹಣವಿಲ್ಲ. ಊರಿನವರ ಬೆಂಬಲವಿದೆ ಎಂಬುದಕ್ಕೆ ಸಾಕ್ಷಿ ಬೇಕು. ಬೇಡಿಕೆಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಕೊಟ್ಟ ಹಣದಲ್ಲಿ ಕೆಲವನ್ನು ಆರಿಸಿ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ತಪಾಸಣೆ ಮಾಡುತ್ತದೆ. ಎರಡೂ ಮನೆಗಳು ಸೇರಿ 2022ರ ಬಜೆಟ್ಟಿನಲ್ಲಿ ಸುಮಾರು 5 ಸಾವಿರ ಯೋಜನೆಗಳಿಗೆ ಸುಮಾರು 900 ಕೋಟಿ ಡಾಲರ್, 2023ರಲ್ಲಿ 7 ಸಾವಿರಕ್ಕೂ ಹೆಚ್ಚು ಯೋಜನೆಗಳಿಗೆ ಸುಮಾರು 1,500 ಕೋಟಿ ಡಾಲರ್ ಗುರುತು ಮಾಡಿದವು.

ಇದರಲ್ಲೂ ಹುಳುಕಿದೆ. ಹಣ ಹಂಚುವ ಸಮಿತಿಯಲ್ಲಿ ಕೂತವರ ಕ್ಷೇತ್ರಕ್ಕೆ ಹೆಚ್ಚು ಹರಿಯುತ್ತದೆ ಎಂಬ ದೂರು ಹಳೆಯದು. ಅರ್ಜಿ ಬರೆಯಲು ನುರಿತ ನೌಕರರಿಲ್ಲದ ಸಣ್ಣ ಊರು ಹಿಂದೆ ಬೀಳುತ್ತದೆ. 2025ರ ಮಾರ್ಚಿನಲ್ಲಿ ಹಿಂದಿನ ವರ್ಷದ ಬಜೆಟ್ಟನ್ನೇ ಮುಂದುವರಿಸಿದಾಗ ಆ ವರ್ಷದ ಬೇಡಿಕೆಗಳೆಲ್ಲ ಬಿದ್ದುಹೋದವು. ನೀರಿನ ಕೊಳವೆಗೆ ಕಾದಿದ್ದ ಊರುಗಳು ಕಾಯುತ್ತಲೇ ಉಳಿದವು. ಆದರೂ ಒಂದು ಮಾತು ಒಪ್ಪಬೇಕು. ಕಳ್ಳತನ ನಡೆದ ಮನೆಗೆ ಅವರು ಬೀಗ ಹಾಕಿ ಸುಮ್ಮನಾಗಲಿಲ್ಲ, ದೀಪ ಹಚ್ಚಿದರು.

ಈಗ ನನ್ನ ಊರಿನ ಮಾತು. ಹದಿನೈದು ವರ್ಷದ ಹಿಂದೆ ನಮ್ಮ ಸಮಾಜದ ಸಮಿತಿಗೆ ನಾನೇ ಕಾರ್ಯದರ್ಶಿ. ಸಮುದಾಯ ಭವನಕ್ಕೆ ಅನುದಾನ ಬೇಕೆಂದು ಜನಪ್ರತಿನಿಧಿಯೊಬ್ಬರ ಮನೆಗೆ ಹಾರ, ಹಣ್ಣಿನ ಬುಟ್ಟಿ ಹಿಡಿದು ಹೋದೆವು. ಅರ್ಜಿ ಬರೆದವನು ನಾನು. ‘ಸರ್ವ ಜನಾಂಗದವರ ಉಪಯೋಗಕ್ಕಾಗಿ’ ಎಂದು ದಪ್ಪಕ್ಷರದಲ್ಲಿ ಬರೆದೆ. ಹಣ ಬಂತು. ಕೆಲಸ ಹಿಡಿದವನು ಸಮಿತಿಯ ಸದಸ್ಯರೊಬ್ಬರ ಅಳಿಯ. ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಉದ್ಘಾಟನೆಯ ಕಲ್ಲಿನಲ್ಲಿ ಹದಿನೆಂಟು ಹೆಸರು ಕೆತ್ತಿಸಿದೆವು; ಎಷ್ಟು ಹಣ ಬಂತು ಎಂದು ಎಲ್ಲೂ ಕೆತ್ತಿಸಲಿಲ್ಲ.

ಮರುವರ್ಷ ಕೇರಿಯ ಹಿರಿಯರೊಬ್ಬರು ಮಗಳ ಮದುವೆಗೆ ಭವನ ಕೇಳಲು ಬಂದರು. “ಆ ತಾರೀಖು ಖಾಲಿ ಇಲ್ಲ” ಎಂದಿತು ಸಮಿತಿ. ತಾರೀಖು ಖಾಲಿ ಇತ್ತು. ರಿಜಿಸ್ಟರು ನನ್ನ ಕೈಯಲ್ಲೇ ಇತ್ತು. ಅವರು “ಆಗಲಿ ಬಿಡ್ರಿ ಸಾಹೇಬ್ರ” ಎಂದು ಕೈಮುಗಿದು ಹೋದರು. ಅರ್ಜಿಯಲ್ಲಿ ನಾನು ಬರೆದ ‘ಸರ್ವ ಜನಾಂಗ’ದಲ್ಲಿ ಅವರು ಇರಲಿಲ್ಲವೇ? ಅವರನ್ನು ತೋರಿಸಿ ಹಣ ತಂದೆವು, ಅವರಿಗೇ ಬಾಗಿಲು ಹಾಕಿದೆವು. ಇದಕ್ಕಿಂತ ದೊಡ್ಡ ಕಳವು ಯಾವುದು?

ನಾವು ಬಸವಣ್ಣನವರ ಹೆಸರು ಹೇಳುವವರು. ಅವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ರಾಜಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ಚಾಡಿ ಹೇಳಿದಾಗ ಅವರು ಸಿಟ್ಟಾಗಲಿಲ್ಲ, ಲೆಕ್ಕ ತೆರೆದು ತೋರಿಸಿದರು, ಒಂದು ಹಾಗವೂ ಕಡಿಮೆ ಬರಲಿಲ್ಲ ಎನ್ನುತ್ತದೆ ಶರಣ ಪರಂಪರೆ. ಆಯ್ದಕ್ಕಿ ಲಕ್ಕಮ್ಮನವರು ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಕಳಿಸಿದರು. ಈ ಕಥೆಗಳನ್ನು ಪ್ರತಿ ಬಸವ ಜಯಂತಿಯಲ್ಲಿ ಹೇಳುತ್ತೇವೆ. ನಮ್ಮ ಸಂಸ್ಥೆಯ ಜಮಾಖರ್ಚನ್ನು ಮಾತ್ರ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ.

“ನಮ್ಮ ಮಠಗಳು ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟಿವೆ. ಸರ್ಕಾರದ ಹಣ ಪಡೆದರೆ ತಪ್ಪೇನು?” ಎಂದು ಕೇಳುವವರಿದ್ದಾರೆ. ತಪ್ಪಿಲ್ಲ. ಸಿದ್ಧಗಂಗೆಯ ತ್ರಿವಿಧ ದಾಸೋಹವನ್ನು ಕಂಡವರಾರೂ ತಪ್ಪೆನ್ನಲಾರರು. ಆದರೆ ಭಕ್ತರು ಕೊಟ್ಟ ಕಾಣಿಕೆಗೂ ಸರ್ಕಾರದ ಅನುದಾನಕ್ಕೂ ವ್ಯತ್ಯಾಸವಿದೆ. ಕಾಣಿಕೆಯ ಲೆಕ್ಕ ಭಕ್ತರಿಗೆ ಕೊಟ್ಟರೆ ಸಾಕು. ಅನುದಾನದಲ್ಲಿ ಬೆಂಕಿಪೊಟ್ಟಣ ಕೊಂಡ ಕೂಲಿಯವಳ ತೆರಿಗೆಯೂ ಇದೆ; ಆಕೆ ಯಾವ ಮಠದ ಶಿಷ್ಯಳೂ ಆಗಿರಬೇಕಿಲ್ಲ. ಅವಳಿಗೂ ಲೆಕ್ಕ ಕೊಡಬೇಕು.

ನಮ್ಮ ದೇಶದಲ್ಲೂ ನಿಯಮಗಳಿವೆ. 1993ರ ಡಿಸೆಂಬರಿನಲ್ಲಿ ಶುರುವಾದ ಸಂಸದರ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಪೂಜಾಸ್ಥಳಗಳ ಕೆಲಸಕ್ಕೆ ಆ ಹಣ ಬಳಸುವಂತಿಲ್ಲ. ಪರಿಶಿಷ್ಟ ಜಾತಿಯವರಿರುವ ಪ್ರದೇಶಕ್ಕೆ ಶೇ. 15, ಪರಿಶಿಷ್ಟ ಪಂಗಡದವರಿರುವ ಪ್ರದೇಶಕ್ಕೆ ಶೇ. 7.5ರಷ್ಟು ಕೆಲಸ ಶಿಫಾರಸು ಮಾಡಬೇಕು. ನಿಯಮ ಕಾಗದದಲ್ಲಿದೆ. ಕೇಳುವ ನಮಗೆ ನಾಚಿಕೆ ಇಲ್ಲದಿದ್ದರೆ ಕಾಗದ ಏನು ಮಾಡೀತು?

ಆದ್ದರಿಂದ ಪೂಜ್ಯರಲ್ಲಿ, ಸಮಾಜದ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು. ಸರ್ಕಾರದ ಹಣ ಕೇಳುವ ಪ್ರತಿ ಮಠ, ಪ್ರತಿ ಸಮಿತಿ ತನ್ನ ಬಾಗಿಲ ಗೋಡೆಯ ಮೇಲೆ ಎಲ್ಲರಿಗೂ ಓದಲು ಬರುವಂತೆ ಕನ್ನಡದಲ್ಲಿ ಬರೆಸಲಿ: ಯಾರಿಗೆ ಅರ್ಜಿ ಕೊಟ್ಟೆವು, ಏನಕ್ಕೆ, ಎಷ್ಟು ಬಂತು, ಎಷ್ಟು ಖರ್ಚಾಯಿತು. ಕೆಲಸ ಹಿಡಿದವರು ಸಮಿತಿಯವರ ನೆಂಟರಲ್ಲ ಎಂದು ಪ್ರತಿ ಸದಸ್ಯರೂ ಸಹಿ ಹಾಕಲಿ. ಅರ್ಜಿ ಕೊಡುವ ಮೊದಲು ಊರಿನ ಎಲ್ಲ ಓಣಿಯವರನ್ನೂ ಕೂರಿಸಿ, ‘ನಮಗೆ ಭವನ ಬೇಕೋ, ಕೇರಿಗೆ ನೀರು ಬೇಕೋ’ ಎಂದು ಕೇಳಲಿ. ಅನುಭವ ಮಂಟಪ ಎಂದರೆ ಎಲ್ಲರೂ ಕೂತು ಮಾತಾಡುವ ಜಾಗ ಎಂದೇ ಅಲ್ಲವೇ ನಾವು ಹೇಳುವುದು? ಜನಪ್ರತಿನಿಧಿಗಳಿಗೂ ಒಂದು ಮಾತು. ಅನುದಾನ ತರುವುದು ನಿಮ್ಮ ಕಾಯಕ, ನೀವು ಮಾಡುವ ದಾನವಲ್ಲ. ಅದಕ್ಕೆ ಹಾರ ಬೇಡ.

ಅಮೆರಿಕದಿಂದ ಬಂದ ಮೇಲೆ ಹಳೆಯ ಸಮಿತಿಗೆ ಪತ್ರ ಕೊಟ್ಟಿದ್ದೇನೆ: ಉದ್ಘಾಟನೆಯ ಕಲ್ಲಿನ ಪಕ್ಕದಲ್ಲಿ ಜಮಾಖರ್ಚಿನ ಫಲಕ ಹಾಕಿ, ಅದರ ಖರ್ಚು ನನ್ನ ಪಿಂಚಣಿಯಿಂದ. ಉತ್ತರ ಇನ್ನೂ ಬಂದಿಲ್ಲ. ಆ ಹಿರಿಯರ ಮನೆಗೂ ಹೋಗಿದ್ದೆ. ಅವರು ತೀರಿಕೊಂಡು ನಾಲ್ಕು ವರ್ಷವಾಗಿದೆಯಂತೆ. ಅವರ ಮಗಳು ಚಹಾ ಕೊಟ್ಟಳು. ರಿಜಿಸ್ಟರಿನ ವಿಷಯ ಅವಳಿಗೆ ಹೇಳಿದೆ. “ನಮಗ ಆಗಲೇ ಗೊತ್ತಿತ್ತರಿ” ಅಂದಳು.