ಗಂಡಾಂತರ ಅಂದ್ರೆ ಗಂಡನಿಂದ ಅಂತರ ಅಲ್ಲ ಸ್ವಾಮಿ!

ಕಂಪನಿಯಲ್ಲಿ ಒಂದು ರೌಂಡ್ ಲೇಆಫ್ ಮುಗಿದಿತ್ತು. ಉಳಿದವರಿಗೆ ಹುರುಪು ತುಂಬೋಕೆ ಅಂತ ಟ್ರೇನರ್ ಒಬ್ಬರನ್ನ ಕರೆಸಿದ್ರು. ಮೊದಲ ಸ್ಲೈಡ್‌ನಲ್ಲೇ ಎರಡು ಚೀನೀ ಅಕ್ಷರ. "ಚೀನೀಯರು ಚಿತ್ರದಲ್ಲಿ ಯೋಚಿಸ್ತಾರೆ. ಅವರಿಗೆ ಬಿಕ್ಕಟ್ಟು ಅಂದ್ರೆ ಅಪಾಯ ಪ್ಲಸ್ ಅವಕಾಶ!" ಚಪ್ಪಾಳೆಯೋ ಚಪ್ಪಾಳೆ. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು.

1959ರಲ್ಲಿ ಜಾನ್ ಕೆನಡಿಯೂ ಇದನ್ನೇ ಭಾಷಣದಲ್ಲಿ ಹೇಳಿದ್ರು. ಆದರೂ ತಪ್ಪು ತಪ್ಪೇ. 'ವೇಯ್‌ಜಿ'ಯ 'ವೇಯ್' ಅಪಾಯ, ಸರಿ. 'ಜಿ' ಅಂದ್ರೆ ಇಲ್ಲಿ ನಿರ್ಣಾಯಕ ಘಳಿಗೆ. ಅದೇ 'ಜಿ' ವಿಮಾನ ಅನ್ನೋ ಅರ್ಥದ 'ಫೇಯ್‌ಜಿ'ಯಲ್ಲಿ ಬಂದ್ರೆ ಯಂತ್ರ. ಅವಕಾಶಕ್ಕೆ 'ಜಿಹುಯ್' ಅಂತ ಬೇರೆ ಪದವೇ ಇದೆ. ನಾಳೆ ಬೀಜಿಂಗ್‌ನ ಟ್ರೇನರ್ ಒಬ್ಬ "ಕನ್ನಡಿಗರಿಗೆ ಗಂಡಾಂತರ ಅಂದ್ರೆ ಗಂಡನಿಂದ ಅಂತರ" ಅಂದ್ರೆ ನಾವು ಸುಮ್ನಿರ್ತೀವಾ?

ಚಿತ್ರಲಿಪಿ ಅನ್ನೋ ಈ ಭ್ರಮೆಯನ್ನ ಅಲ್ಲಿನ ಹಳೇ ಮೂಳೆಗಳೇ ಒಡೆಯುತ್ತವೆ. ಸುಮಾರು 3,200 ವರ್ಷದ ಹಿಂದೆ ಅನ್ಯಾಂಗ್‌ನ ಶಾಂಗ್ ದೊರೆಗಳು ಮಳೆ, ಬೆಳೆ, ಯುದ್ಧ, ಕಡೆಗೆ ಹಲ್ಲುನೋವಿನ ಬಗ್ಗೆಯೂ ಶಕುನ ಕೇಳ್ತಿದ್ರು. ಆಮೆಚಿಪ್ಪು ಅಥವಾ ಎತ್ತಿನ ಹೆಗಲೆಲುಬಿಗೆ ಬಿಸಿ ಮುಟ್ಟಿಸಿ, ಬಿದ್ದ ಬಿರುಕು ನೋಡಿ, ಪಕ್ಕದಲ್ಲಿ ಅಕ್ಷರ ಕೊರೀತಿದ್ರು. ಅಮೆರಿಕದ ತತ್ವಜ್ಞಾನಿ ಪರ್ಸ್ ಮಾಡಿದ ವಿಂಗಡಣೆ ಇಲ್ಲಿ ಒಂದೇ ಮೂಳೆ ಮೇಲೆ ಕಾಣುತ್ತೆ. ಹೊಗೆ ಬೆಂಕಿಯ ಗುರುತಾದ ಹಾಗೆ, ಬಿರುಕು ಬಿಸಿಯ ಗುರುತು. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಅಕ್ಷರಕ್ಕೆ ಜನರ ಒಪ್ಪಂದ ಬೇಕು.

ಉದಾಹರಣೆಗೆ ಗೋಧಿ ಗಿಡದ ಚಿತ್ರ. ಆ ಮೂಳೆಗಳ ಮೇಲೆ ಅದರ ಅರ್ಥ 'ಬರುವುದು'! ಗೋಧಿಗೂ ಬರುವುದಕ್ಕೂ ಇದ್ದ ಪದಗಳ ಉಚ್ಚಾರಣೆ ಹತ್ತಿರ ಇತ್ತು, ಎರವಲು ಪಡೆದರು. ನಾವು ರಾಜನ ಚಿತ್ರ ಬರೆದು 'ಅರಸು' ಅಂತ, ಅಂದ್ರೆ ಹುಡುಕು ಅಂತ, ಓದಿದ ಹಾಗೆ. ಚಿತ್ರ ದನಿಗೆ ದುಡಿಯೋಕೆ ಶುರು ಮಾಡಿದಾಗಲೇ ಅದು ಬರವಣಿಗೆ. ಕ್ರಿ.ಶ. 100ರಲ್ಲಿ ಶು ಶೆನ್ ತಮ್ಮ ನಿಘಂಟಿನಲ್ಲಿ 9,353 ಅಕ್ಷರ ವಿವರಿಸಿದಾಗ ಬರೀ ಚಿತ್ರದವು ಕೆಲವು ನೂರು ಮಾತ್ರ. ಹೆಚ್ಚಿನವು ಅರ್ಥದ ಸುಳಿವೊಂದು, ದನಿಯ ಸುಳಿವೊಂದು ಸೇರಿದವು. ಅಮ್ಮನ ಅಕ್ಷರದಲ್ಲಿ ಹೆಣ್ಣಿನ ಪಕ್ಕ ಕುದುರೆ ಇದೆ. 'ಮಾ' ದನಿಗಾಗಿ ಅಷ್ಟೇ. ಅಮ್ಮನ ಮೇಲೆ ಸವಾರಿ ಮಾಡಿ ಅಂತಲ್ಲ!

ನಮ್ಮ 'ಸೇವ್' ಬಟನ್ ಕೂಡ ಹೀಗೇ. ಫ್ಲಾಪಿಯನ್ನೇ ನೋಡದ ಹುಡುಗರು ಆ ಚಿತ್ರ ಒತ್ತಿ ಫೈಲ್ ಉಳಿಸ್ತಾರೆ. ಹೋಲಿಕೆ ಸತ್ತು ಒಪ್ಪಂದ ಉಳಿದಿದೆ.

ಇಷ್ಟು ಕಣ್ಣೆದುರಿಗಿದ್ದೂ ಡಿಸೈನ್ ಮೀಟಿಂಗ್‌ನಲ್ಲಿ "ಹಳ್ಳಿ ಜನಕ್ಕೆ ಐಕಾನ್ ಹಾಕಿ ಸಾಕು, ಚಿತ್ರ ಎಲ್ಲರಿಗೂ ಅರ್ಥ ಆಗುತ್ತೆ" ಅಂತೀವಿ. ನಾನೂ ತಲೆ ಆಡಿಸಿದವನೇ. ಆಮೇಲೆ ಊರಿಗೆ ಹೋದಾಗ ನಮ್ಮವ್ವ ಫೋನ್ ಹಿಡಿದು ಕೇಳಿದಳು, "ಈ ಮೂರು ಗೆರೆ ಏನೋ ಮಗ? ಈ ಹಲ್ಲಿನ ಚಕ್ರ ಒತ್ತಿದ್ರೆ ದುಡ್ಡು ಹೋಗುತ್ತಾ?" ಅವ್ವ ದಿನಾ ಪೇಪರ್ ಓದ್ತಾಳೆ. ನಾವು ನಮ್ಮ ನಮ್ಮಲ್ಲೇ ಮಾಡ್ಕೊಂಡ ಒಪ್ಪಂದಕ್ಕೆ ಅವಳನ್ನ ಕರೆದೇ ಇರಲಿಲ್ಲ. ಕರೆಯದೇ ಅವಳನ್ನೇ ದಡ್ಡಿ ಅಂದ್ವಿ.

ಮೂರು ಗೆರೆ ಪಕ್ಕ 'ಪಟ್ಟಿ' ಅಂತ, ಚಕ್ರದ ಕೆಳಗೆ 'ಬದಲಾವಣೆ' ಅಂತ ಕನ್ನಡದಲ್ಲಿ ಬರೆಯೋಕೆ ಎಷ್ಟು ಸ್ಪ್ರಿಂಟ್ ಬೇಕು, ಹೇಳಿ?