ಕೆಸಿಡಿ ಕಟ್ಟಡ ಬರೇ ಫೋಟೋ ಬ್ಯಾಕ್‌ಗ್ರೌಂಡ್ ಅಲ್ಲ

ದೋಸ್ತರೇ, ನಾವೆಲ್ಲ ರೀಲ್ಸ್ ಮಾಡೋ ಧಾರವಾಡದ ಕರ್ನಾಟಕ ಕಾಲೇಜಿನ ಈ ಹಳೇ ಕಟ್ಟಡ ಮೊದಲು ಕಾಲೇಜೇ ಆಗಿರಲಿಲ್ಲ. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಆಗಿತ್ತು!

ಆಗ ನಮ್ಮ ಕಡೆ ಹುಡುಗರು ಡಿಗ್ರಿ ಓದಬೇಕಂದ್ರ ಪುಣೆ, ಮುಂಬೈಗೆ ಹೋಗಬೇಕಿತ್ತು. ರೊಕ್ಕ ಇಲ್ಲದವರ ಓದು ಮ್ಯಾಟ್ರಿಕ್‌ಗೇ ಮುಗೀತಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮುಂದೆ ನಿಂತು ಜನರಿಂದ ದೇಣಿಗೆ ಕೂಡಿಸಿದರು. 1917ರಲ್ಲಿ ಕಾಲೇಜು ಶುರುವಾಯ್ತು. ಆಮೇಲೆ ಈ ಕಟ್ಟಡಕ್ಕೆ ಬಂತು.

ಅಂದ್ರ ಈ ಕಾಲೇಜು ಯಾರೋ ಪುಕ್ಕಟೆ ಕೊಟ್ಟದ್ದಲ್ಲ, ನಮ್ಮ ಹಿರಿಯರು ಕಿಸೆಯಿಂದ ರೊಕ್ಕ ತೆಗೆದು ಪಡೆದದ್ದು. ಅದಕ್ಕೇ ನನ್ನ ಮಾತು ಇಷ್ಟೇ: ಇಂಥ ಗೋಡೆ ಮ್ಯಾಲೆ ಹೆಸರು ಗೀಚೋ ಮೊದಲು ಒಮ್ಮೆ ಯೋಚಿಸ್ರಿ. ಇಲ್ಲಿ ಮೊದಲು ಬರೀಬೇಕಾದ ಹೆಸರು ನಮ್ಮದಲ್ಲ. ಹೊಸ ಜೂನಿಯರ್‌ಗಳಿಗೆ ಕ್ಯಾಂಟೀನ್ ತೋರಿಸೋ ಮೊದಲು ಈ ಕಥಿ ಹೇಳೋಣ.

ನಿಮ್ಮ ಮನ್ಯಾಗ ಯಾರಾದ್ರೂ ಇಲ್ಲೇ ಓದಿದ್ರ ಕಮೆಂಟ್ ಹಾಕ್ರಿ.