ಉತ್ತರಿಸದ ಪದವೀಧರರು ಲೆಕ್ಕಕ್ಕಿಲ್ಲ

ಓದಿದ ವಿಶ್ವವಿದ್ಯಾಲಯದಿಂದ ಬರುವ ಸಮೀಕ್ಷೆಯನ್ನು ಅಳಿಸಿಹಾಕುವವರ ಬಳಿ ಒಂದು ಸಿದ್ಧ ಉತ್ತರವಿರುತ್ತದೆ: ‘ಅವರ ರ‍್ಯಾಂಕಿಂಗ್ ಕಸರತ್ತಿಗೆ ನಾವೇಕೆ ಬೆವರು ಸುರಿಸಬೇಕು?’ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನ ಮೌನದಿಂದ ಲಾಭವಾಗುವುದು ಯಾರ ಮೇಲೆ ಸಿಟ್ಟೋ ಅವರಿಗೇ.

ಗುಜರಾತನ್ನೇ ನೋಡಿ. ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯ, ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಎರಡೂ 1949ರವು. ವಡೋದರದಲ್ಲಿ ಭೌತಶಾಸ್ತ್ರ ಓದಿದ ವೆಂಕಿ ರಾಮಕೃಷ್ಣನ್ 2009ರಲ್ಲಿ ನೊಬೆಲ್ ಪಡೆದರು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಶಿಲ್ಪಕಲೆ ಕಲಿತದ್ದೂ ಅಲ್ಲೇ. ಇಂಥವರ ಸುದ್ದಿ ತಿಳಿಯಲು ಸಮೀಕ್ಷೆ ಬೇಡ, ಪತ್ರಿಕೆ ಸಾಕು. ಬಿ.ಕಾಂ. ಮುಗಿಸಿ ಸೂರತ್‌ನ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಬಿ.ಎಸ್ಸಿ. ಮಾಡಿ ಮದುವೆಯ ನಂತರ ಕೆಲಸ ಬಿಟ್ಟವರು, ಎಂ.ಎ. ಆದಮೇಲೂ ವರ್ಷಗಟ್ಟಲೆ ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುತ್ತಿರುವವರು: ಇವರ ಸುದ್ದಿ ಇವರೇ ಹೇಳದೆ ಯಾರಿಗೆ ಗೊತ್ತಾಗಬೇಕು?

2016ರಲ್ಲಿ ಮೊದಲ ಪಟ್ಟಿ ಹೊರಡಿಸಿದ ಎನ್‌ಐಆರ್‌ಎಫ್, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂದು ಕೇಳುತ್ತದೆ. ಉತ್ತರ ಕೊಡುವುದು ಸಂಸ್ಥೆ, ಪದವೀಧರರಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್ ಹಳೆಯ ವಿದ್ಯಾರ್ಥಿಗಳ ದೇಣಿಗೆ ಎಷ್ಟು ಲಕ್ಷ ಎಂದೂ ಕೇಳುತ್ತ ಬಂದಿದೆ. ಬ್ರಿಟನ್ನಿನಲ್ಲಾದರೆ ಓದು ಮುಗಿದ ಸುಮಾರು 15 ತಿಂಗಳಿಗೆ ಪದವೀಧರರನ್ನೇ ವಿಚಾರಿಸುತ್ತಾರೆ. ಕಲಿತದ್ದು ಕೆಲಸಕ್ಕೆ ಬರುತ್ತಿದೆಯೇ ಎಂಬುದೂ ಅಲ್ಲಿ ಒಂದು ಪ್ರಶ್ನೆ.

ಇಲ್ಲಿ ಕೇಳಿದಾಗಲೂ ಉತ್ಸಾಹದಿಂದ ಉತ್ತರಿಸುವವರು ಒಳ್ಳೆಯ ಸಂಬಳದವರು. ಉಳಿದವರು ಸಂಕೋಚಕ್ಕೆ ಸುಮ್ಮನಾಗುತ್ತಾರೆ. 100 ಜನರಲ್ಲಿ 20 ಮಂದಿ ಉತ್ತರಿಸಿದರು, ಅವರಲ್ಲಿ 16 ಮಂದಿಗೆ ಕೆಲಸವಿದೆ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಅದು ಶೇ 80ರ ಯಶಸ್ಸು! ಸುಮ್ಮನಿದ್ದ 80 ಮಂದಿಯೇ ಆ ಸುಳ್ಳಿಗೆ ಜಾಗ ಬಿಟ್ಟುಕೊಟ್ಟಂತಾಯಿತು.

ಹಾಗೆಂದು ಉತ್ತರ ಪುಕ್ಕಟೆಯಾಗಿ ಸಿಗಬೇಕಿಲ್ಲ. ಎಷ್ಟು ಜನರನ್ನು ಕೇಳಿದೆವು, ಎಷ್ಟು ಜನ ಹೇಳಿದರು ಎಂಬುದನ್ನು ವಿಶ್ವವಿದ್ಯಾಲಯ ಪ್ರಕಟಿಸಬೇಕು. ಹೆಸರು ಗುಟ್ಟಾಗಿರಬೇಕು. ಸಮೀಕ್ಷೆಯ ಬಾಲಕ್ಕೆ ದೇಣಿಗೆಯ ಕೋರಿಕೆ ಕಟ್ಟಬಾರದು. ಪ್ರಶ್ನೆಗಳು ಗುಜರಾತಿಯಲ್ಲೂ ಇರಬೇಕು. ಸೂರತ್‌ನ ವಿಶ್ವವಿದ್ಯಾಲಯಕ್ಕೆ ಗುಜರಾತಿ ನಿಘಂಟು ‘ನರ್ಮಕೋಶ’ವನ್ನು ಕಟ್ಟಿದ ನರ್ಮದನ ಹೆಸರಿದೆ, ಅಲ್ಲಿ ಓದಿದವರು ತಮ್ಮ ನಿರುದ್ಯೋಗದ ಕತೆಯನ್ನು ತಮ್ಮ ಭಾಷೆಯಲ್ಲಿ ಹೇಳುವಂತಾಗದಿದ್ದರೆ ಆ ಹೆಸರು ಬರೀ ಫಲಕಕ್ಕೆ ಬಂದೀತು.

ಧಾರವಾಡವಾಗಲಿ, ಮೈಸೂರಾಗಲಿ, ಕನ್ನಡದ ಪದವೀಧರರಿಗೂ ಇದೇ ಮಾತು. ಮುಂದಿನ ಜೂನ್‌ನಲ್ಲಿ 18ರ ಹುಡುಗಿಯೊಬ್ಬಳು ಯಾವ ಕೋರ್ಸು ಸೇರಬೇಕೆಂದು ನೋಡುವಾಗ ಅವಳ ಕೈಗೆ ಸಿಗುವುದು ಗೆದ್ದವರ ಫೋಟೊಗಳಿರುವ ಕೈಪಿಡಿ. ‘ಕೆಲಸ ಸಿಗಲಿಲ್ಲ’ ಎಂಬ ಒಂದು ಪ್ರಾಮಾಣಿಕ ಉತ್ತರ ಅವಳಿಗೆ ಆ ಹತ್ತು ಫೋಟೊಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದನ್ನು ಬರೆಯಲು ಹತ್ತು ನಿಮಿಷ ಸಾಕು.